‘ಇಲ್ಲ’ ಎಲ್ಲಿ ಕೂತಿದೆ ನೋಡಿ: ನೀವು ನಾಸ್ತಿಕರಾ, ಅಜ್ಞೇಯವಾದಿಗಳಾ ಎಂದು ತಿಳಿದುಕೊಳ್ಳುವ ಬಗೆ

ಹೋದ ಮಳೆಗಾಲದಲ್ಲಿ ತಂಗಿಯ ಮಗಳು ಬಾಯಾರಿನ ನಮ್ಮ ಮನೆಗೆ ಬಂದಿದ್ದಳು. ಕಾಸರಗೋಡಿನಲ್ಲಿ ಡಿಗ್ರಿ ಓದುವ ಹುಡುಗಿ. ಜಗಲಿಯಲ್ಲಿ ಕೂತು ಅಡಿಕೆ ಸುಲಿಯುವಾಗ ಕೇಳಿದಳು: “ಮಾವಾ, ಮಲಯಾಳಿ ಗೆಳತಿಯರು ನನ್ನನ್ನು ಯುಕ್ತಿವಾದಿ ಅಂತಾರೆ, ತರ್ಕಕ್ಕೆ ಒಗ್ಗದ್ದನ್ನು ಒಪ್ಪದವಳು ಅಂತ. ಅಜ್ಜಿ ನಾಸ್ತಿಕಿ ಅಂತಾರೆ. ನನಗೆ ಅನಿಸುವುದು ನಾನು ಅಜ್ಞೇಯವಾದಿ ಅಂತ. ಇದರಲ್ಲಿ ಯಾವುದು ಸರಿ? ಯಾವುದು ಜಾಸ್ತಿ ಬುದ್ಧಿವಂತಿಕೆಯದ್ದು?”

ನಾನು ಮೂವತ್ತು ವರ್ಷ ಕನ್ನಡ ಮಾಷ್ಟ್ರಾಗಿದ್ದವ. ಉತ್ತರ ಹೇಳಿ ಮುಗಿಸಲು ಮೂರು ಸಂಜೆ ಹಿಡಿಯಿತು. ಇದೇ ಪ್ರಶ್ನೆ ಹೊತ್ತು ತಿರುಗುವವರು ಇನ್ನೂ ಇದ್ದಾರಲ್ವಾ, ಅವರಿಗಾಗಿ ಬರೆದಿಡುತ್ತಿದ್ದೇನೆ.

ಮೊದಲು ಎರಡು ವಾಕ್ಯಗಳನ್ನು ಬಾಯಿಬಿಟ್ಟು ಹೇಳಿ ನೋಡಿ. ‘ದೇವರಿದ್ದಾನೆ ಎಂದು ನಾನು ನಂಬಿಲ್ಲ.’ ‘ದೇವರು ಇಲ್ಲ ಎಂದು ನಾನು ನಂಬಿದ್ದೇನೆ.’ ‘ಇಲ್ಲ’ ಎಲ್ಲಿ ಕೂತಿದೆ ಗಮನಿಸಿ. ಮೊದಲ ವಾಕ್ಯದಲ್ಲಿ ಅದು ನಿಮ್ಮ ನಂಬಿಕೆಗೆ ಅಂಟಿದೆ. ಎರಡನೆಯದರಲ್ಲಿ ದೇವರಿಗೇ ಅಂಟಿದೆ. ಮೊದಲನೆಯದು ನಿಮ್ಮ ಬಗ್ಗೆ ಹೇಳುವ ಮಾತು, ಎರಡನೆಯದು ಜಗತ್ತಿನ ಬಗ್ಗೆ ಹೇಳುವ ಮಾತು. ನಾಸ್ತಿಕರಲ್ಲಿ ಎರಡೂ ಬಗೆಯವರಿದ್ದಾರೆ. ಎರಡನೆಯ ಮಾತು ಆಡುವವರು ಕಾರಣ ಕೊಡಬೇಕಾಗುತ್ತದೆ. ಮೊದಲನೆಯದಕ್ಕೆ ‘ನನಗೆ ಸಾಕಾಗುವಷ್ಟು ಕಾರಣ ಸಿಕ್ಕಿಲ್ಲ’ ಎಂದರೆ ಸಾಕು. ನೀವು ಯಾವುದನ್ನು ಹೇಳುತ್ತಿದ್ದೀರಿ ಎಂದು ಮೊದಲು ಗಟ್ಟಿ ಮಾಡಿಕೊಳ್ಳಿ.

(ನಮ್ಮ ಹಳೆಯ ದರ್ಶನಗಳಲ್ಲಿ ನಾಸ್ತಿಕ ಅಂದರೆ ವೇದವನ್ನು ಪ್ರಮಾಣವೆಂದು ಒಪ್ಪದವನು. ಹಾಗಾಗಿ ವೇದದ ಕರ್ಮವೇ ಮುಖ್ಯವೆಂದ, ಆದರೆ ಸೃಷ್ಟಿಕರ್ತನನ್ನು ಒಪ್ಪದ ಮೀಮಾಂಸಕರು ಆಸ್ತಿಕರ ಸಾಲಿನಲ್ಲಿದ್ದರು. ಬೌದ್ಧರು, ಜೈನರು ನಾಸ್ತಿಕರ ಸಾಲಿನಲ್ಲಿ. ನಾನಿಲ್ಲಿ ಹೇಳುತ್ತಿರುವುದು ಈಗಿನ ಅರ್ಥ.)

ಆಮೇಲೆ ಬರುವುದು ತಿಳಿವಳಿಕೆಯ ಪ್ರಶ್ನೆ. ಇದಕ್ಕೊಂದು ಹೆಸರು ಬೇಕೆಂದು 1869ರಲ್ಲಿ ಇಂಗ್ಲೆಂಡಿನ ಜೀವವಿಜ್ಞಾನಿ ಥಾಮಸ್ ಹಕ್ಸ್‌ಲಿ ಕಟ್ಟಿದ ಪದ ‘ಅಗ್ನಾಸ್ಟಿಕ್’. ಡಾರ್ವಿನ್ನನ ಪರವಾಗಿ ವಾದಿಸಿದ ಅದೇ ಹಕ್ಸ್‌ಲಿ. ಬುದ್ಧಿ ಕರೆದೊಯ್ಯುವಷ್ಟು ದೂರ ಹೋಗು, ಸಾಧಿಸಿ ತೋರಿಸಲಾಗದ್ದನ್ನು ಖಂಡಿತ ಎನ್ನಬೇಡ ಎಂಬುದು ಅವನ ನಿಲುವು. ನಾವು ಅದನ್ನು ಅಜ್ಞೇಯವಾದ ಅಂದೆವು. ಪದವನ್ನು ಸ್ವಲ್ಪ ಬಿಡಿಸಿ. ಅಜ್ಞಾತ ಅಂದರೆ ತಿಳಿಯದೆ ಇರುವುದು. ಅಜ್ಞೇಯ ಅಂದರೆ ತಿಳಿಯಲಿಕ್ಕೇ ಆಗದ್ದು.

ಕುಂಬಳೆಯ ಹತ್ತಿರದ ಅನಂತಪುರ ಕೆರೆ ದೇವಸ್ಥಾನ ನಿಮಗೆ ಗೊತ್ತಿರಬಹುದು. ಅಲ್ಲಿನ ಮೊಸಳೆ ಬಬಿಯಾ 2022ರ ಅಕ್ಟೋಬರ್ 9ರಂದು ತೀರಿಕೊಂಡಿತು. ನೋಡಲು ಎಷ್ಟು ಜನ ಬಂದಿದ್ದರು! 2023ರ ನವೆಂಬರಿನಲ್ಲಿ ಅದೇ ಕೆರೆಯಲ್ಲಿ ಇನ್ನೊಂದು ಮೊಸಳೆ ಕಾಣಿಸಿತು. ಎಲ್ಲಿಂದ ಬಂತು? ನನಗೆ ಗೊತ್ತಿಲ್ಲ. ಆದರೆ ಇದು ಅಜ್ಞಾತ ಮಾತ್ರ. ಅದು ಬಂದ ಹೊತ್ತಿಗೆ ಅಲ್ಲೊಬ್ಬ ನಿಂತಿದ್ದರೆ ತಿಳಿಯುತ್ತಿತ್ತು. ‘ದೇವರೇ ಕಳಿಸಿದ್ದಾ?’ ಎಂಬುದು ಬೇರೆಯೇ ಪ್ರಶ್ನೆ. ಅದು ತೋಡಿನ ನೀರಿನಲ್ಲಿ ಈಜಿ ಬಂದದ್ದನ್ನು ಕಣ್ಣಾರೆ ಕಂಡರೂ ‘ಹಾಗೆ ಬರುವಂತೆ ಮಾಡಿದ್ದು ದೇವರೇ’ ಅನ್ನಬಹುದು. ಕಣ್ಣಿಟ್ಟು ಕಾದರೂ ತೀರದ ಪ್ರಶ್ನೆ ಅದು. ‘ಗೊತ್ತಿಲ್ಲ’ ಎಂದು ಹೇಳುವ ಮೊದಲು ಇವೆರಡರಲ್ಲಿ ಯಾವುದು ಎಂದು ನಿಮ್ಮನ್ನೇ ಕೇಳಿಕೊಳ್ಳಿ. ನೋಡಿದರೆ ತಿಳಿಯುವಂಥದ್ದಕ್ಕೆ ಸುಮ್ನೆ ‘ಅಜ್ಞೇಯ’ ಅಂದರೆ ಅದು ಸೋಮಾರಿತನ.

ಈಗ ನಂಬಿಕೆ ಒಂದು ಪ್ರಶ್ನೆ, ತಿಳಿವಳಿಕೆ ಇನ್ನೊಂದು ಪ್ರಶ್ನೆ ಎಂದಾಯಿತು. ಹಾಗಾಗಿ ಒಬ್ಬರೇ ನಾಸ್ತಿಕರೂ ಅಜ್ಞೇಯವಾದಿಯೂ ಆಗಬಹುದು. ‘ಖಚಿತವಾಗಿ ಗೊತ್ತಿಲ್ಲ, ಆದರೂ ನಂಬುತ್ತೇನೆ’ ಎನ್ನುವ ಭಕ್ತರನ್ನೂ ನಾನು ಕಂಡಿದ್ದೇನೆ. ಅಜ್ಞೇಯವಾದವನ್ನು ಆಸ್ತಿಕ ನಾಸ್ತಿಕರ ನಡುವಿನ ಬೇಲಿ ಎಂದುಕೊಳ್ಳುವುದೇ ತಪ್ಪು.

ಹಾಗಾದರೆ ಯಾವುದು ಜಾಸ್ತಿ ವಿವೇಕದ್ದು? ಇದಕ್ಕೆ ನಾನು ಅವಳನ್ನು ತೋಟದ ಮೇಲಿನ ಗುಡ್ಡಕ್ಕೆ ಕರೆದುಕೊಂಡು ಹೋದೆ.

ನಮ್ಮ ಕಡೆ ನೀರಿಗಾಗಿ ಗುಡ್ಡದ ಮುರಕಲ್ಲನ್ನು (ಕೆಂಪು ಕಲ್ಲು) ಅಡ್ಡಕ್ಕೆ ಕೊರೆದು ಸುರಂಗ ತೋಡುತ್ತಾರೆ. ಒಬ್ಬ ಹೋಗುವಷ್ಟೇ ಅಗಲ. ಒಬ್ಬ ಪಿಕ್ಕಾಸಿನಿಂದ ಅಗೆಯುತ್ತಾನೆ, ಇನ್ನೊಬ್ಬ ಮಣ್ಣು ಹೊರಗೆ ಹಾಕುತ್ತಾನೆ. ಮೋಂಬತ್ತಿ ಮಂಕಾದರೆ ಗಾಳಿ ಸಾಲುವುದಿಲ್ಲವೆಂದು ಹೊರಗೆ ಬರುತ್ತಾರೆ. ಅಪ್ಪ ತೋಡಿಸಿದ ಎರಡು ಸುರಂಗಗಳಿವೆ. ಒಂದರಲ್ಲಿ ಇಪ್ಪತ್ತೆಂಟು ಕೋಲು (ನಮ್ಮ ಕಡೆಯ ಉದ್ದಳತೆ) ಹೋದಾಗ ಗೋಡೆ ಬೆವರಿತು, ಈಗಲೂ ಮದಕಕ್ಕೆ, ಅಂದರೆ ನೀರು ತುಂಬಿಡುವ ಕೆರೆಗೆ, ನೀರು ಬೀಳುತ್ತದೆ. ಇನ್ನೊಂದು ನಲವತ್ತು ಕೋಲು ಹೋದರೂ ಒಣ. ಅಂಗೈ ಒತ್ತಿದರೆ ಕೆಂಪು ಹುಡಿ ಅಂಟುತ್ತದೆ, ಅಷ್ಟೇ. ಅವಳೂ ಒತ್ತಿ ನೋಡಿದಳು. ಆಚೆ ಇನ್ನೊಂದು ಗುಡ್ಡ ಇದೆ, ಅಲ್ಲಿ ಯಾರೂ ಅಗೆದಿಲ್ಲ.

“ಆ ಗುಡ್ಡದಲ್ಲಿ ನೀರಿದೆಯಾ?” ಎಂದೆ. “ಗೊತ್ತಿಲ್ಲ” ಅಂದಳು. “ಈ ಒಣ ಸುರಂಗದಲ್ಲಿ?” “ಇಲ್ಲ.” ಎರಡೂ ಉತ್ತರ ಸರಿ. ‘ಸಾಕ್ಷಿ ಸಿಗದಿದ್ದ ಮಾತ್ರಕ್ಕೆ ಇಲ್ಲ ಅನ್ನಬಾರದು’ ಎಂಬ ಮಾತು ಅಗೆಯದ ಗುಡ್ಡಕ್ಕೆ ಸರಿ. ನೀರಿದ್ದರೆ ಸಿಗಲೇಬೇಕಾದ ಕಡೆ ಅಗೆದೂ ಸಿಗದಿದ್ದರೆ, ಆ ಸಿಗದಿರುವುದೇ ಸಾಕ್ಷಿ.

ದೇವರ ವಿಷಯದಲ್ಲೂ ಹೀಗೇ ಮಾಡಿ. ‘ದೇವರು’ ಎಂದಾಗ ಯಾವ ದೇವರು, ಅವನು ಏನು ಮಾಡುತ್ತಾನೆ ಎಂದು ಮೊದಲು ಕೇಳಿ. ಪ್ರಾರ್ಥಿಸಿದರೆ ರೋಗ ವಾಸಿಮಾಡುವ ದೇವರು ಎಂದರೆ, ಅಲ್ಲಿ ಅಗೆದು ನೋಡಿದ್ದಾರೆ. ಅಮೆರಿಕದ 6 ಆಸ್ಪತ್ರೆಗಳಲ್ಲಿ ಹೃದಯದ ಬೈಪಾಸ್ ಆದ 1,802 ರೋಗಿಗಳ ಮೇಲೆ ಮಾಡಿದ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ತಮಗಾಗಿ ಪ್ರಾರ್ಥನೆ ನಡೆಯುತ್ತಿದೆಯೋ ಇಲ್ಲವೋ ತಿಳಿಯದ ಎರಡು ಗುಂಪುಗಳಿದ್ದವು. ಪ್ರಾರ್ಥನೆ ಸಿಕ್ಕವರಲ್ಲಿ ನೂರಕ್ಕೆ 52 ಮಂದಿಗೆ ತೊಡಕುಗಳಾದವು, ಸಿಗದವರಲ್ಲಿ 51 ಮಂದಿಗೆ. ಇಂಥ ಕಡೆ ‘ಇಲ್ಲ’ ಎನ್ನುವುದೇ ಹೆಚ್ಚು ಪ್ರಾಮಾಣಿಕ. ‘ಗೊತ್ತಿಲ್ಲ’ ಎಂದು ತಪ್ಪಿಸಿಕೊಳ್ಳಬಾರದು.

ಆದರೆ ಜಗತ್ತಿಗೊಂದು ಮೂಲವಿದೆಯಾ, ಆ ಮೂಲಕ್ಕೆ ಅರಿವಿದೆಯಾ ಎಂದರೆ? ಅದು ಅಗೆಯದ ಗುಡ್ಡ. ಅಗೆಯುವುದು ಎಲ್ಲಿಂದ ಎಂದೂ ತಿಳಿಯದ ಗುಡ್ಡ. ಋಗ್ವೇದದ ಹತ್ತನೆಯ ಮಂಡಲದ 129ನೆಯ ಸೂಕ್ತ ಸೃಷ್ಟಿಯ ಬಗ್ಗೆ ಕೇಳುತ್ತಾ ಹೋಗಿ, ಮೇಲಿನಿಂದ ನೋಡುವವನಿಗೆ ಗೊತ್ತಿರಬಹುದು, ಅಥವಾ ಅವನಿಗೂ ಗೊತ್ತಿರಲಿಕ್ಕಿಲ್ಲ ಎಂದು ನಿಂತುಬಿಡುತ್ತದೆ. ಮಕ್ಕಳಿಗೆ ಅದನ್ನು ಹೇಳುವಾಗ ನನಗೆ ಪ್ರತಿ ಸಲ ಮೈ ಜುಮ್ಮೆನ್ನುತ್ತಿತ್ತು.

ಇಂಗ್ಲೆಂಡಿನ ತತ್ತ್ವಜ್ಞಾನಿ ಬರ್ಟ್ರಂಡ್ ರಸೆಲ್ 1947ರಲ್ಲಿ ಹೇಳಿದ್ದು ನನಗೆ ತುಂಬ ಸರಿ ಕಂಡಿದೆ. ತತ್ತ್ವಶಾಸ್ತ್ರದವರ ಎದುರು ತಾನು ಅಜ್ಞೇಯವಾದಿ, ಏಕೆಂದರೆ ದೇವರಿಲ್ಲವೆಂದು ಸಾಧಿಸಿ ತೋರಿಸುವ ವಾದ ಇಲ್ಲ. ಬೀದಿಯ ಸಾಮಾನ್ಯ ಮನುಷ್ಯನ ಎದುರು ನಾಸ್ತಿಕ ಎನ್ನಬೇಕಾದೀತು, ಏಕೆಂದರೆ ಹೋಮರನ ಕಾಲದ ಗ್ರೀಕ್ ದೇವತೆಗಳು ಇಲ್ಲವೆಂದೂ ಯಾರೂ ಸಾಧಿಸಿಲ್ಲ, ಆದರೂ ಅವರಿದ್ದಾರೆಂದು ಯಾರೂ ಎಣಿಸುವುದಿಲ್ಲ. ಸಾಧಿಸಲಾಗದು ಎಂದ ಕೂಡಲೇ ಎರಡೂ ಕಡೆ ಅರ್ಧ ಅರ್ಧ ಅಂತಲ್ಲ.

ಮೂರನೆಯ ಸಂಜೆ ಅವಳು ಕೇಳಿದ್ದು ಬೇರೆ. “ಹೆದರಿಕೆ ಆದಾಗ ಕೈ ತಾನಾಗಿ ಮುಗಿಯುತ್ತದೆ ಮಾವಾ. ಹಾಗಾದರೆ ಒಳಗೆ ನಂಬಿಕೆ ಇದೆ ಅಂತಲಾ?”

ಅಮ್ಮನಿಗೆ ಮಂಗಳೂರಿನಲ್ಲಿ ಹೃದಯದ ಆಪರೇಷನ್ ಆದ ರಾತ್ರಿ ತಂಗಿ ನನ್ನ ಕೈಗೆ ಒಂದು ಮುಡಿಪು ಕೊಟ್ಟಿದ್ದಳು. ಅರಶಿನದ ಬಟ್ಟೆಯಲ್ಲಿ ಕಟ್ಟಿದ ಒಂದು ರೂಪಾಯಿ. ಬೆಳಗಿನವರೆಗೆ ಅದನ್ನು ಮುಷ್ಟಿಯಲ್ಲಿ ಹಿಡಿದೇ ಕೂತಿದ್ದೆ. ಬೆವರಿಗೆ ಅಂಗೈ ಹಳದಿಯಾಗಿತ್ತು. ಆ ನಾಣ್ಯ ಅಮ್ಮನ ಹೃದಯಕ್ಕೆ ಏನಾದರೂ ಮಾಡುತ್ತದೆ ಎಂದು ಆಗಲೂ ನಂಬಿರಲಿಲ್ಲ. ತಂಗಿಯ ಭಯದಲ್ಲಿ ನನ್ನ ಪಾಲು ಅದು, ಹಾಗಾಗಿ ಬಿಡಲಾಗಲಿಲ್ಲ. ಆದ್ದರಿಂದ ನಿಮ್ಮನ್ನು ಅಳೆದುಕೊಳ್ಳುವಾಗ ಹೆದರಿದ ರಾತ್ರಿಯನ್ನು ಲೆಕ್ಕಕ್ಕೆ ಹಿಡಿಯಬೇಡಿ. ಮರುದಿನ ಮಧ್ಯಾಹ್ನ, ಊಟವಾದ ಮೇಲೆ, ಮನಸ್ಸು ಶಾಂತವಾಗಿದ್ದಾಗ ಆ ಎರಡು ವಾಕ್ಯಗಳನ್ನು ಹೇಳಿ ನೋಡಿ. ಜೊತೆಗೆ ‘ಏನು ಕಂಡರೆ ನಾನು ಮಾತು ಬದಲಿಸುತ್ತೇನೆ?’ ಎಂದೂ ಕೇಳಿಕೊಳ್ಳಿ. ಇದಕ್ಕೆ ಉತ್ತರ ಇಲ್ಲದವರು ಆಸ್ತಿಕರಾಗಲಿ, ನಾಸ್ತಿಕರಾಗಲಿ, ಇನ್ನೂ ಯೋಚನೆ ಶುರುಮಾಡಿಲ್ಲ ಎಂದೇ ನಾನು ತಿಳಿಯುತ್ತೇನೆ.

ಹೊರಡುವ ದಿನ ಬಸ್ಸಿಗೆ ಕಾಯುತ್ತಾ ಅವಳು ತನ್ನ ಉತ್ತರ ಹೇಳಿದಳು: “ಹರಕೆ ತೀರಿಸುವ ದೇವರ ವಿಷಯಕ್ಕೆ ನಾಸ್ತಿಕಿ. ಜಗತ್ತಿನ ಮೂಲದ ವಿಷಯಕ್ಕೆ ಅಜ್ಞೇಯವಾದಿ. ಅಜ್ಜಿಗೆ ಏನು ಹೇಳಲಿ?”

“ಅಜ್ಜಿ ದೀಪ ಹಚ್ಚುವಾಗ ಬತ್ತಿ ಹೊಸೆದು ಕೊಡು” ಅಂದೆ. “ಕೇಳಿದರೆ ಮಾತ್ರ ಇದ್ದದ್ದನ್ನು ಹೇಳು.”