ಮಧ್ಯಾಹ್ನ 2 ಗಂಟೆಗೆ ಹೋರಿ ನೋಡಿ

ನಾನು ಮೊದಲು ತಂದ ಬೀಜದ ಹೋರಿ ಆನೆ ಮರಿ ಇದ್ದ ಹಾಗಿತ್ತು. ಅಗಲ ಬೆನ್ನು, ತುಂಬಿದ ತೊಡೆ, ಮೈ ತುಂಬ ದಟ್ಟ ಕಪ್ಪು ಕೂದಲು. ಬೆಳಗ್ಗೆ 7 ಗಂಟೆಗೆ ಹೋಗಿ ನೋಡಿದೆ, ನಿಂತಲ್ಲೇ ವ್ಯಾಪಾರ ಮುಗಿಸಿದೆ. ಅದು ಬೆಳೆದಿದ್ದು ತಂಪು ಜಾಗದಲ್ಲಿ, ಹಿಂಡಿ ತಿಂದುಕೊಂಡು. ನಮ್ಮಲ್ಲಿ ಬಿಸಿಲು ಜಾಸ್ತಿ, ವರ್ಷದಲ್ಲಿ ಐದಾರು ತಿಂಗಳು ಒಣಹುಲ್ಲೇ ಗತಿ. ಆ ಲೆಕ್ಕವೇ ನನ್ನ ತಲೆಗೆ ಬರಲಿಲ್ಲ.

ಬೇಸಿಗೆಯಲ್ಲಿ ಬಣ್ಣ ಬಯಲಾಯಿತು. 11 ಗಂಟೆಗೆ ನೆರಳಲ್ಲಿ ನಿಂತರೆ ಸಂಜೆವರೆಗೂ ಕದಲುತ್ತಿರಲಿಲ್ಲ. ಪಕ್ಕೆ ನೋಡಿ ಉಸಿರು ಎಣಿಸಿದೆ, ನಿಮಿಷಕ್ಕೆ 80 ದಾಟಿತ್ತು. ನನ್ನ ಹಳೇ ಹಸುಗಳು ಅದೇ ಬಿಸಿಲಲ್ಲಿ ಆರಾಮಾಗಿ ಮೇಯುತ್ತಿದ್ದವು. ಮಳೆ ಬಿದ್ದ ಮೇಲೆ ಹೋರಿ ಚುರುಕಾಯಿತು, ಹಸುಗಳನ್ನು ಹಾರುತ್ತಲೂ ಇತ್ತು. ಆದರೆ 21 ದಿನ ಆಗುತ್ತಿದ್ದಂತೆ ಅವೇ ಹಸುಗಳು ಮತ್ತೆ ಬೆದೆಗೆ, ಅಂದರೆ ಗಬ್ಬ ನಿಂತಿಲ್ಲ! ಸುಮ್ನೆ ಹಸುಗಳನ್ನೇ ಬೈದುಕೊಂಡೆ. ಆಮೇಲೆ ಪಶುವೈದ್ಯರು ಬಿಡಿಸಿ ಹೇಳಿದರು. ಬೀಜ, ಅಂದರೆ ವೃಷಣ, ಮೈಗಿಂತ ತಂಪಾಗಿ ಇರಬೇಕು. ವೀರ್ಯಾಣು ತಯಾರಾಗಲು ಸುಮಾರು 60 ದಿನ ಬೇಕು. ಹಾಗಾಗಿ ಬೇಸಿಗೆಯಲ್ಲಿ ಮೈ ಕಾದು ಕೆಟ್ಟಿದ್ದು, ಹೋರಿ ಗಟ್ಟಿಯಾಗಿ ಕಂಡ ಮೇಲೂ ವಾರಗಟ್ಟಲೆ ಕಾಡುತ್ತದೆ.

ಅದಕ್ಕೆ ಹುಟ್ಟಿದ ಮಣಕಗಳೂ, ಅಂದರೆ ಇನ್ನೂ ಕರು ಹಾಕದ ಎಳೇ ಹಸುಗಳೂ, ಅಪ್ಪನಂತೆ ದೊಡ್ಡ ಮೈಯವು. ದೊಡ್ಡ ಮೈಗೆ ದೊಡ್ಡ ಹೊಟ್ಟೆ. ಒಣಹುಲ್ಲಲ್ಲಿ ಮೈ ಕಾಪಾಡಿಕೊಳ್ಳೋದೇ ಕಷ್ಟ, ಇನ್ನು ಗಬ್ಬ ಎಲ್ಲಿ ಕಟ್ಟಬೇಕು?

ಎರಡನೇ ಹೋರಿ ನೋಡಲು ಮಧ್ಯಾಹ್ನ 2 ಗಂಟೆಗೆ ಹೋದೆ. ಮಂದೆಯೆಲ್ಲ ಕಲ್ಲು ನೆಲದಲ್ಲಿ ಮೇಯುತ್ತಿತ್ತು, ಈ ಹೋರಿಯೂ ಜೊತೆಗಿತ್ತು. ಹಿಣಿಲು, ಅಂದರೆ ಹೆಗಲ ಮೇಲೆ ಡುಬ್ಬ, ಇರುವ ತಳಿಗಳು ಬಿಸಿಲು ತಡೆಯುತ್ತವೆ ಅನ್ನೋದು ನಿಜ, ಅವು ಚೆನ್ನಾಗಿ ಬೆವರುತ್ತವೆ. ಆದರೂ ತಳಿಯ ಹೆಸರೊಂದನ್ನೇ ನಂಬಬಾರದು ಅಲ್ವಾ? ಕೂದಲಿಗೆ ಎದುರಾಗಿ ಕೈ ಆಡಿಸಿದೆ. ಗಿಡ್ಡ ಕೂದಲು, ನುಣುಪು. ಕಿವಿಯೊಳಗೆ, ಬಾಲದ ಬುಡದಲ್ಲಿ ರಕ್ತ ಹೀರುವ ಉಣ್ಣೆ ಹುಳ ಹುಡುಕಿದೆ, ಒಂದೆರಡು ಸಿಕ್ಕವು ಅಷ್ಟೇ. ಪಕ್ಕದ ಹೋರಿಯ ಕಿವಿ ತುಂಬ ಇದ್ದವು. ಗೊರಸು ಗಟ್ಟಿ, ನಡಿಗೆಯಲ್ಲಿ ಕುಂಟಿಲ್ಲ. ಹೊಟ್ಟೆ ಕೆಳಗಿನ ಚರ್ಮ ಜೋತು ಬಿದ್ದಿರಲಿಲ್ಲ, ಮುಳ್ಳುಗಿಡದ ಹುಲ್ಲುಗಾವಲಲ್ಲಿ ಅದು ಗೀಚಿಕೊಂಡರೆ ಹೋರಿ ಕೆಲಸಕ್ಕೆ ಬಾರದು. ಬೀಜದ ಸುತ್ತಳತೆ ಟೇಪಿನಲ್ಲಿ 33 ಸೆಂಟಿಮೀಟರ್ ಬಂತು, ಎರಡೂ ಒಂದೇ ಸಮ.

ಇಷ್ಟಾದ ಮೇಲೂ ನಾನು ಒಪ್ಪಿದ್ದು ಅದರ ತಾಯಿಯನ್ನು ನೋಡಿ. ಸಣ್ಣ ಹಸು, ಅಂದವೇನಿಲ್ಲ. ಆದರೆ ಅದೇ ಹುಲ್ಲುಗಾವಲಲ್ಲಿ ಮೇದು, ಹಿಂಡಿ ಇಲ್ಲದೆ, ವರ್ಷಕ್ಕೊಂದು ಕರು. ಕೆಚ್ಚಲು ಗಟ್ಟಿ, ಮೊಲೆ ಸಣ್ಣವು. ಹೋರಿ ಹಾಲು ಕೊಡೋದಿಲ್ಲ, ಹಾಲಿನ ಗುಣ ಅದರ ತಾಯಿಯಲ್ಲೇ ಕಾಣಬೇಕು.

ಕಂದುರೋಗಕ್ಕೆ, ಅಂದರೆ ಗಬ್ಬ ಬೀಳಿಸುವ ಬ್ರುಸೆಲ್ಲಾಕ್ಕೆ, ರಕ್ತ ಪರೀಕ್ಷೆ ಮಾಡಿಸಿದೆ. ಫಲಿತಾಂಶ ಬರುವವರೆಗೆ ಬೇರೆ ಕಟ್ಟಿದ್ದೆ. ಹೊಸ ಹುಲ್ಲು, ಹೊಸ ನೀರು ಒಗ್ಗಲಿ ಅಂತ ಬೆದೆಯ ಕಾಲಕ್ಕೆ ಮೂರು ತಿಂಗಳು ಮೊದಲೇ ತಂದಿದ್ದೆ. ಮೊದಲ ವರ್ಷ 15 ಹಸುಗಳಿಗಷ್ಟೇ ಬಿಟ್ಟೆ, ಎಳೇ ಹೋರಿಗೆ ಅಷ್ಟು ಸಾಕು.

ಈಗ ಅದರ ಮಣಕಗಳು ಬೆದೆಗೆ ಬರುವ ಹೊತ್ತಾಯಿತು. ಅಪ್ಪನನ್ನು ಮಂದೆಯಲ್ಲೇ ಬಿಟ್ಟರೆ ರಕ್ತ ಕೂಡುತ್ತದೆ, ಕರು ಸೊರಗುತ್ತವೆ. ಆ ತಾಯಿ ಮತ್ತೊಂದು ಗಂಡುಕರು ಹಾಕಿದೆಯಂತೆ. ಆಸೆಯೇನೋ ಆಯಿತು. ಆದರೆ ಅದೂ ಅದೇ ರಕ್ತ, ತರುವ ಹಾಗಿಲ್ಲ. ಬೇರೆ ತಾಯಿ ಹುಡುಕುತ್ತಿದ್ದೇನೆ.