ಎನ್‌ಹೈಬರ್ನೇಟ್ 4: ಮಾಯವಾದ ಸೆಟ್‌ಗಳ ಜಾಗಕ್ಕೆ ಏನು ಹಾಕಬೇಕು?

ಆಬ್ಜೆಕ್ಟ್‌ಗಳನ್ನು ಡೇಟಾಬೇಸ್ ಟೇಬಲ್‌ಗಳಿಗೆ ಹೊಂದಿಸುವ ಡಾಟ್‌ನೆಟ್ ಲೈಬ್ರರಿ ಎನ್‌ಹೈಬರ್ನೇಟನ್ನು 3ರಿಂದ 4ಕ್ಕೆ ಏರಿಸಿ ಬಿಲ್ಡ್ ಕೊಟ್ಟರೆ ಎರರ್‌ಗಳು ಸಾಲುಗಟ್ಟುತ್ತವೆ. ಹೆಚ್ಚಿನವು ಐಸೆಟ್, ಹ್ಯಾಶ್ಡ್‌ಸೆಟ್ ಎಂಬ ಸೆಟ್ (ಒಂದೇ ಅಂಶ ಎರಡು ಸಲ ಬಾರದ ಸಂಗ್ರಹ) ಟೈಪ್‌ಗಳು ಸಿಗುತ್ತಿಲ್ಲ ಎಂಬ ದೂರುಗಳೇ. ಡಾಟ್‌ನೆಟ್‌ನಲ್ಲಿ ಸೆಟ್ ಇಲ್ಲದ ಕಾಲದಲ್ಲಿ ಎನ್‌ಹೈಬರ್ನೇಟ್ ಅದನ್ನು ಐಯೆಸಿ.ಕಲೆಕ್ಷನ್ಸ್ (ಚಿಕ್ಕದಾಗಿ ಐಯೆಸಿ) ಎಂಬ ಬೇರೆ ಲೈಬ್ರರಿಯಿಂದ ಕಡ ತಂದಿತ್ತು. 2010ರ ಡಾಟ್‌ನೆಟ್ 4.0ರಲ್ಲಿ ಐಸೆಟ್ ಸ್ವಂತದ್ದೇ ಬಂತು. 2014ರ ಎನ್‌ಹೈಬರ್ನೇಟ್ 4 ಹಳೆಯದನ್ನು ಕೈಬಿಟ್ಟಿತು.

ಮೊದಲು ಎಲ್ಲ ಪ್ರಾಜೆಕ್ಟ್‌ಗಳಲ್ಲೂ ಐಯೆಸಿ ಪ್ಯಾಕೇಜನ್ನು 4ಕ್ಕೆ ಏರಿಸಿ. ಒಂದರಲ್ಲಿ ಹಳೆಯ ಡಿಎಲ್‌ಎಲ್ ಉಳಿದರೂ ಎರಡು ಐಸೆಟ್‌ಗಳ ನಡುವೆ ಕಂಪೈಲರ್ ಗೊಂದಲಕ್ಕೆ ಬೀಳುತ್ತದೆ. ಆಮೇಲೆ ಫೈಲ್‌ಗಳ ತಲೆಯಲ್ಲಿರುವ ಐಯೆಸಿ.ಕಲೆಕ್ಷನ್ಸ್.ಜೆನೆರಿಕ್ ತೆಗೆದು ಸಿಸ್ಟಮ್.ಕಲೆಕ್ಷನ್ಸ್.ಜೆನೆರಿಕ್ ಹಾಕಿ. ಕ್ಲಾಸ್‌ಗೂ ಟೇಬಲ್‌ಗೂ ನಂಟು ಹೇಳುವ ಎಕ್ಸ್‌ಎಂಎಲ್ ಮ್ಯಾಪಿಂಗ್‌ನ ಸೆಟ್ ಟ್ಯಾಗ್ ಮುಟ್ಟಬೇಕಿಲ್ಲ.

ಹ್ಯಾಶ್ಡ್‌ಸೆಟ್ ಇದ್ದಲ್ಲಿ ಹ್ಯಾಶ್‌ಸೆಟ್ ಬರಲಿ. ಸೇರಿಸಿದ ಕ್ರಮ ಉಳಿಯಬೇಕಿದ್ದರೆ ಐಯೆಸಿಯಲ್ಲೇ ಉಳಿದಿರುವ ಲಿಂಕ್ಡ್‌ಹ್ಯಾಶ್‌ಸೆಟ್ ಬಳಸಿ. ಆದರೆ ಪ್ರಾಪರ್ಟಿಯ ಟೈಪ್ ಮಾತ್ರ ಐಸೆಟ್ ಆಗಿಯೇ ಇರಬೇಕು. ಡೇಟಾಬೇಸ್‌ನಿಂದ ಲೋಡ್ ಮಾಡುವಾಗ ಎನ್‌ಹೈಬರ್ನೇಟ್ ಅಲ್ಲಿ ತನ್ನದೇ ಪರ್ಸಿಸ್ಟೆಂಟ್‌ಜೆನೆರಿಕ್‌ಸೆಟ್ ಇಡುತ್ತದೆ. ಅದು ಹ್ಯಾಶ್‌ಸೆಟ್ ಅಲ್ಲವಾದ್ದರಿಂದ, ಪ್ರಾಪರ್ಟಿಯ ಟೈಪ್ ಹ್ಯಾಶ್‌ಸೆಟ್ ಎಂದಿದ್ದರೆ ಕಾಸ್ಟ್ (ಟೈಪ್ ಬದಲಾವಣೆಯ) ಎರರ್ ಬರುತ್ತದೆ.

ಇನ್ನು ಮೆಥಡ್‌ಗಳು. ಆ್ಯಡ್‌ಆಲ್ ಬದಲು ಯೂನಿಯನ್‌ವಿತ್, ರಿಮೂವ್‌ಆಲ್ ಬದಲು ಎಕ್ಸೆಪ್ಟ್‌ವಿತ್, ರಿಟೇನ್‌ಆಲ್ ಬದಲು ಇಂಟರ್‌ಸೆಕ್ಟ್‌ವಿತ್, ಕಂಟೇನ್ಸ್‌ಆಲ್ ಬದಲು ಈಸ್‌ಸೂಪರ್‌ಸೆಟ್‌ಆಫ್. ಹಳೆಯ ಆ್ಯಡ್‌ಆಲ್ ಸೆಟ್ ಬದಲಾಯಿತೇ ಎಂದು ಬೂಲ್ ಉತ್ತರ ಕೊಡುತ್ತಿತ್ತು, ಯೂನಿಯನ್‌ವಿತ್ ಏನೂ ಕೊಡುವುದಿಲ್ಲ. ಆ ಉತ್ತರ ಬೇಕಿದ್ದರೆ ಮೊದಲು ಮತ್ತು ಆಮೇಲೆ ಕೌಂಟ್ ಹೋಲಿಸಿ. ಈಸ್‌ಎಂಪ್ಟಿ ಬದಲು ಕೌಂಟ್ ಸೊನ್ನೆಯೇ ಎಂದು ನೋಡಿ. ಲಿಂಕ್‌ನ (LINQ, ಸಂಗ್ರಹಗಳನ್ನು ಪ್ರಶ್ನಿಸುವ ಡಾಟ್‌ನೆಟ್ ಮೆಥಡ್‌ಗಳು) ಎನಿ ಬರೆಯುವ ಚಪಲ ಬೇಡ: ಇಡೀ ಸೆಟ್ ಲೋಡ್ ಮಾಡದೆ ಎಣಿಸಲು ಬಿಡುವ ಲೇಜಿ ಎಕ್ಸ್‌ಟ್ರಾ ಮ್ಯಾಪಿಂಗ್ ಇದ್ದರೆ ಕೌಂಟ್ ಒಂದು ಎಣಿಕೆ ಕ್ವೆರಿಯಲ್ಲಿ ಮುಗಿಯುತ್ತದೆ, ಆದರೆ ಡಾಟ್‌ನೆಟ್ ಫ್ರೇಮ್‌ವರ್ಕ್‌ನಲ್ಲಿ ಎನಿ ಇಡೀ ಸೆಟ್ಟನ್ನೇ ಎಳೆದು ತರುತ್ತದೆ.

ಇಲ್ಲಿಯವರೆಗಿನ ಹೆಸರುಗಳನ್ನು ಕಂಪೈಲರೇ ಹಿಡಿದುಕೊಡುತ್ತದೆ. ಅದರ ಕಣ್ಣು ತಪ್ಪಿಸುವವು ಯೂನಿಯನ್ ಮತ್ತು ಇಂಟರ್‌ಸೆಕ್ಟ್. ಐಯೆಸಿಯಲ್ಲಿ ಇವು ಹೊಸ ಸೆಟ್ ಕೊಡುತ್ತಿದ್ದವು. ಫೈಲಿನಲ್ಲಿ ಸಿಸ್ಟಮ್.ಲಿಂಕ್ ಇದ್ದರೆ, ಅದೇ ಹೆಸರಿನ ಲಿಂಕ್ ಮೆಥಡ್‌ಗಳು ಆ ಜಾಗಕ್ಕೆ ಬಂದು ಕೂರುತ್ತವೆ. ಫಲಿತಾಂಶವನ್ನು ಟೈಪ್ ಹೆಸರಿಸದ ವಾರ್ (var) ವೇರಿಯಬಲ್‌ನಲ್ಲಿ ಹಿಡಿದು ಫೋರ್‌ಈಚ್‌ಗಷ್ಟೇ ಬಳಸಿದ್ದರೆ ಎರರ್ ಇಲ್ಲ. ಲಿಂಕ್ ಕೊಡುವುದು ಸೆಟ್ ಅಲ್ಲ, ಓದಿದಾಗ ಲೆಕ್ಕ ಹಾಕುವ ಐಎನ್ಯೂಮರಬಲ್. ಆ ಲೂಪ್‌ನೊಳಗೆ ಮೂಲ ಸೆಟ್‌ಗೆ ಏನಾದರೂ ಸೇರಿಸಿದಿರೋ, ಓಡುವಾಗ ಇನ್‌ವ್ಯಾಲಿಡ್‌ಆಪರೇಷನ್‌ಎಕ್ಸೆಪ್ಷನ್. ಆದ್ದರಿಂದ ಈ ಎರಡು ಹೆಸರುಗಳನ್ನು ಕೈಯಾರೆ ಹುಡುಕಿ, ಹೊಸ ಹ್ಯಾಶ್‌ಸೆಟ್ ಮಾಡಿ ಅದರ ಮೇಲೆ ಯೂನಿಯನ್‌ವಿತ್ ಅಥವಾ ಇಂಟರ್‌ಸೆಕ್ಟ್‌ವಿತ್ ಕರೆಯಿರಿ. ಮೈನಸ್‌ಗೂ ಇದೇ ದಾರಿ, ಎಕ್ಸೆಪ್ಟ್‌ವಿತ್ ಜತೆ.

ಹಾಗೆ ಮಾಡಿದ ಹೊಸ ಸೆಟ್ಟನ್ನು ಎಂಟಿಟಿಯ (ಟೇಬಲ್‌ಗೆ ಹೊಂದಿಸಿದ ಆಬ್ಜೆಕ್ಟ್‌ನ) ಪ್ರಾಪರ್ಟಿಗೇ ಮರಳಿ ಹಾಕಬೇಡಿ. ಸೆಟ್‌ನಿಂದ ಹೊರಬಿದ್ದದ್ದನ್ನು ಡೇಟಾಬೇಸ್‌ನಿಂದಲೂ ಅಳಿಸುವ ಕ್ಯಾಸ್ಕೇಡ್ ಆಲ್-ಡಿಲೀಟ್-ಆರ್ಫನ್ ಇದ್ದರೆ, ಮಾಲೀಕ ಎಂಟಿಟಿ ಹಳೆಯ ಕಲೆಕ್ಷನ್ ಬಿಟ್ಟುಕೊಟ್ಟಿದೆ ಎಂದು ಫ್ಲಶ್ (ಬದಲಾವಣೆಗಳನ್ನು ಡೇಟಾಬೇಸ್‌ಗೆ ಬರೆಯುವ) ಹೊತ್ತಿಗೆ ಎಕ್ಸೆಪ್ಷನ್ ಬೀಳುತ್ತದೆ. ಉದಾಹರಣೆಗೆ, ಪುಸ್ತಕದ ಲೇಖಕರ ಸೆಟ್‌ನಿಂದ ಇಬ್ಬರನ್ನು ತೆಗೆಯಬೇಕೆಂದರೆ ಇರುವ ಸೆಟ್‌ನ ಮೇಲೆಯೇ ಎಕ್ಸೆಪ್ಟ್‌ವಿತ್ ನಡೆಸಿ.