ಶಿಫ್ಟ್ ಬದಲಾದಾಗ ನಮ್ಮ ಮನೆಯಲ್ಲಿ ಮಾಡಿಕೊಂಡ ಏರ್ಪಾಡು

ನಾನು ನರ್ಸ್. ನನ್ನ ಡ್ಯೂಟಿ ಲಿಸ್ಟ್ ಬದಲಾದರೆ ನಾನೊಬ್ಬಳೇ ಬದಲಾದರೆ ಸಾಲದು. ಮಗಳನ್ನು ಶಾಲೆಗೆ ಹೊರಡಿಸುವವರು ಯಾರು, ಅತ್ತೆಗೆ ಬಿಪಿ ಮಾತ್ರೆ ಕೊಡುವವರು ಯಾರು, ಮನೆ ಯಾವ ಹೊತ್ತಿನಲ್ಲಿ ಸದ್ದಿಲ್ಲದೆ ಇರಬೇಕು, ಎಲ್ಲವನ್ನೂ ಹೊಸದಾಗಿ ಯೋಚಿಸಬೇಕು.

ನನಗೆ ಸರದಿ ಶಿಫ್ಟ್ ಶುರುವಾದ ಸಮಯದಲ್ಲೇ ಯಜಮಾನರಿಗೆ ಮನೆಯಿಂದ ಕೆಲಸ ಮಾಡುವ ಅವಕಾಶ ಸಿಕ್ಕಿತು. "ಇನ್ನೇನು, ಸುಲಭವಾಯ್ತಲ್ವಾ?" ಎಂದವರೇ ಜಾಸ್ತಿ. ಆದರೆ ಮನೆಯಲ್ಲಿರುವುದು ಬೇರೆ, ಬಿಡುವಾಗಿರುವುದು ಬೇರೆ. ಅವರಿಗೂ ಮೀಟಿಂಗ್ ಇರುತ್ತವೆ, ಗಡುವು ಇರುತ್ತದೆ. ಅದಕ್ಕೇ ಮೊದಲು ಮನೆಕೆಲಸವನ್ನು ಎರಡು ಪಾಲು ಮಾಡಿದೆವು: ಹೊತ್ತಿಗೆ ಸರಿಯಾಗಿ ಆಗಲೇಬೇಕಾದದ್ದು, ಯಾವಾಗ ಮಾಡಿದರೂ ನಡೆಯುವಂಥದ್ದು. ಬಟ್ಟೆ ಒಗೆಯುವುದು ಕಾಯುತ್ತದೆ. ಮಾತ್ರೆ ಕಾಯುವುದಿಲ್ಲ.

ನಿಜವಾಗಿ ಕೈಹಿಡಿದದ್ದು ವಾರ್ಡಿನ ಹ್ಯಾಂಡೋವರ್ ಪದ್ಧತಿ, ಅಂದರೆ ಡ್ಯೂಟಿ ಮುಗಿದಾಗ ಮುಂದಿನ ಶಿಫ್ಟ್‌ನವರಿಗೆ ಕೆಲಸ ಒಪ್ಪಿಸುವ ರೀತಿ. ಅಲ್ಲಿ ನಾವು "ಎಲ್ಲ ಸರಿಯಾಗಿದೆ" ಎಂದು ಹೇಳಿ ಹೊರಡುವ ಹಾಗಿಲ್ಲ. ಏನಾಗಿದೆ, ಏನು ಬಾಕಿ, ಯಾವುದರ ಮೇಲೆ ಕಣ್ಣಿಡಬೇಕು ಎಂದು ಹೇಳಿಯೇ ಬರಬೇಕು. ಮನೆಯಲ್ಲೂ ಒಂದು ನೋಟ್‌ಬುಕ್ ಇಟ್ಟು ಇದನ್ನೇ ಮಾಡಿದೆವು. ಒಪ್ಪಿಸಿದ ಕೆಲಸವನ್ನು ಪೂರ್ತಿ ಒಪ್ಪಿಸಬೇಕು, ಅದು ಮುಖ್ಯ. ಅತ್ತೆಯ ಮಾತ್ರೆ ಯಜಮಾನರ ಪಾಲಿಗೆ ಬಂತು ಎಂದರೆ, ಅದು ಮುಗಿಯುತ್ತಾ ಬಂದಿದೆ ಎಂದು ಗಮನಿಸುವುದು, ತರುವುದು, ಡಾಕ್ಟರ್ ಡೋಸ್ ಬದಲಿಸಿದರೆ ತಿಳಿದುಕೊಳ್ಳುವುದು, ಎಲ್ಲ ಅವರದ್ದೇ. ನಾನು ಡ್ಯೂಟಿಯಿಂದ ಫೋನ್ ಮಾಡಿ ನೆನಪಿಸುತ್ತಿದ್ದರೆ ಆ ಕೆಲಸ ಇನ್ನೂ ನನ್ನದೇ ಅಲ್ವಾ? ನೆನಪಿಟ್ಟುಕೊಳ್ಳುವ ಭಾರ ಇಳಿದ ಮೇಲೆ ವಾರ್ಡಿನಲ್ಲಿ ನನ್ನ ಗಮನ ಪೂರ್ತಿ ರೋಗಿಗಳ ಮೇಲಿರುತ್ತದೆ.

ನೈಟ್ ಡ್ಯೂಟಿ ಮುಗಿಸಿ ಬಂದಾಗಿನ ನಿದ್ದೆಯನ್ನೂ ಮನೆಯವರೆಲ್ಲ ಸೇರಿಯೇ ಕಾಪಾಡಬೇಕು. ದೇಹದ ಗಡಿಯಾರ ಬೆಳಕಿಗೆ ಎಚ್ಚರಗೊಳ್ಳುತ್ತದೆ, ಹಾಗಾಗಿ ಹಗಲಿನ ನಿದ್ದೆ ಬೇಗ ಮುಗಿದುಬಿಡುತ್ತದೆ. ದಪ್ಪ ಪರದೆ ಹಾಕಿದೆವು. "ಅಮ್ಮ ಮಲಗಿದ್ದಾಳೆ" ಎಂದು ಬರೆದ ರಟ್ಟನ್ನು ಬಾಗಿಲಿಗೆ ತೂಗುಹಾಕುವುದು ಮಗಳ ಕೆಲಸ.

ಆಮೇಲೆ ಅತ್ತೆಗೆ ಆಪರೇಷನ್ ಆಯಿತು. ಈ ಸಲ ಮನೆಯಲ್ಲಾದ ಬದಲಾವಣೆಗೆ ತಕ್ಕಂತೆ ನನ್ನ ಡ್ಯೂಟಿ ಬದಲಾಗಬೇಕಿತ್ತು. "ಕಷ್ಟವಾಗ್ತಿದೆ" ಎಂದಷ್ಟೇ ಹೇಳಿದರೆ ಇನ್‌ಚಾರ್ಜ್ ಸಿಸ್ಟರ್ ಏನು ತಾನೇ ಮಾಡಬಲ್ಲರು? ಹಾಗಾಗಿ ಎರಡು ವಿಷಯ ಬರೆದುಕೊಂಡು ಹೋದೆ. ಒಂದು, ಸರದಿ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಎಂಬ ಕ್ರಮದಲ್ಲೇ ಬರಲಿ. ಹಿಂದುಮುಂದಾದರೆ ದೇಹಕ್ಕೆ ಹೊಂದಿಕೊಳ್ಳುವುದು ಇನ್ನೂ ಕಷ್ಟ. ಎರಡು, ಶಿಫ್ಟ್‌ಗಳ ನಡುವೆ 12 ಗಂಟೆ ಬಿಡುವಿರಲಿ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ನರ್ಸುಗಳಿಗಾಗಿ 1977ರಲ್ಲೇ ಮಾಡಿದ ಶಿಫಾರಸಿನಲ್ಲಿ ಇದು ಇದೆ. ಎರಡಕ್ಕೂ ಅವರು ಒಪ್ಪಿದರು. ನೈಟ್ ಡ್ಯೂಟಿ ಮಾತ್ರ ಕಡಿಮೆಯಾಗಲಿಲ್ಲ. ನಾನಿಲ್ಲದಿದ್ದರೆ ಇನ್ನೊಬ್ಬರು ಆ ರಾತ್ರಿ ಬರಬೇಕು, ಅವರಿಗೂ ಮನೆ ಇದೆ.

ಮಗಳ ಪರೀಕ್ಷೆಯ ಹೊತ್ತಿಗೆ ನೈಟ್ ಬಿದ್ದರೆ ಈಗಲೂ ಪೇಚಾಟವೇ. ಆಗ ಜೊತೆಯವರ ಹತ್ತಿರ ಡ್ಯೂಟಿ ಅದಲುಬದಲು ಮಾಡಿಕೊಳ್ಳುತ್ತೇನೆ. ಅವರು ಕೇಳಿದಾಗ ನಾನೂ ಇಲ್ಲ ಎನ್ನುವುದಿಲ್ಲ.